ಆಯಿಲ್ ಕಡ್ಡಿ ನೋಡುವುದು ಅಂದರೆ ಏನು ನೋಡುವುದು?

ಪಿಕಪ್ ಗಾಡಿ ಓಡಿಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮುಂಚೆ ಒಂದು ಸಣ್ಣ ಕೆಲಸ ಮಾಡಿಬಿಡುತ್ತೇನೆ. ಈ ಮೇಜಿನ ಮೇಲೆ ಎರಡು ತುಂಡು ಫಿಲ್ಟರ್ ಪೇಪರ್ ಇವೆ. ಒಂದರ ಮೇಲೆ ನನ್ನ ಗಾಡಿಯ ಆಯಿಲ್ ಒಂದು ಹನಿ. ಈಗಷ್ಟೇ ಕಡ್ಡಿಯಿಂದ ತಂದದ್ದು, ಇನ್ನೂ ಬೆಚ್ಚಗಿದೆ. ಇನ್ನೊಂದರ ಮೇಲೆ ಈ ಬಾಟಲಿಯ ಆಯಿಲ್ ಒಂದು ಹನಿ. ಬಾಟಲಿಯಲ್ಲಿರುವುದು ಯಾವ ಗಾಡಿಯದು ಅಂತ ಕೊನೆಗೆ ಹೇಳುತ್ತೇನೆ. ಈಗ ಎರಡೂ ಕಪ್ಪಗೆ ಒಂದೇ ಥರ ಕಾಣುತ್ತಿವೆ. ಹರಡಲು ಬಿಡೋಣ.

ಈ ವಾರ ಬಾನೆಟ್ ಎತ್ತಿ ಆಯಿಲ್ ಕಡ್ಡಿ ನೋಡಿದವರು ಕೈ ಎತ್ತಿ. ಆರು ಜನ. ಪರವಾಗಿಲ್ಲ. ಆ ಆರು ಜನರಲ್ಲಿ, ಅದರ ಹಿಂದಿನ ಸಲ ನೋಡಿದಾಗ ಆಯಿಲ್ ಎಲ್ಲಿಗಿತ್ತು ಅಂತ ನೆನಪಿರುವವರು? ಒಬ್ಬರು. ನೀವೊಬ್ಬರು ಈಗಲೇ ಎದ್ದು ಹೋದರೂ ನಡೆಯುತ್ತದೆ. ಉಳಿದವರ ಹತ್ತಿರ ಸ್ವಲ್ಪ ಮಾತಾಡಬೇಕು. ಯಾಕೆಂದರೆ ನಾನೂ ಬಹಳ ವರ್ಷ ಆ ಉಳಿದವರಲ್ಲೇ ಇದ್ದೆ.

ನನ್ನದು ಡೀಸೆಲ್ ಪಿಕಪ್. ಮೊದಲೆಲ್ಲ ದೂರದ ಓಡಾಟ ಇತ್ತು. ಆಮೇಲೆ ಕೆಲಸ ಬದಲಾಯಿತು. ನಾಲ್ಕು ಕಿಲೋಮೀಟರ್ ಹೋಗು, ಸಾಮಾನು ಇಳಿಸು, ಬಂದ್ ಮಾಡು. ಮತ್ತೆ ಮೂರು ಕಿಲೋಮೀಟರ್, ಮತ್ತೆ ಬಂದ್. ದಿನವೆಲ್ಲ ಇದೇ. ಕಡ್ಡಿ ಮಾತ್ರ ತಪ್ಪದೆ ನೋಡುತ್ತಿದ್ದೆ, ಅದರಲ್ಲಿ ಸೋಮಾರಿತನ ಇರಲಿಲ್ಲ. ಪ್ರತಿ ಸಲವೂ ಆಯಿಲ್ ಮೇಲಿನ ಗುರುತಿಗೇ ಇರುತ್ತಿತ್ತು. ಆಮೇಲಾಮೇಲೆ ಆ ಗುರುತಿಗಿಂತ ಸ್ವಲ್ಪ ಮೇಲೆ. ನನಗೆ ಒಳಗೊಳಗೇ ಹೆಮ್ಮೆ. ಬೇರೆಯವರ ಗಾಡಿ ಆಯಿಲ್ ಕುಡಿಯುತ್ತದೆ, ನನ್ನದು ಒಂದು ಹನಿ ಮುಟ್ಟುವುದಿಲ್ಲ ಅಂತ ಸ್ನೇಹಿತರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಸ್ವಲ್ಪ ದಿನಕ್ಕೆ, ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ನಿಂತಾಗ ಕೆಂಪು ಆಯಿಲ್ ಲೈಟ್ ಮಿಣುಕ್ ಅನ್ನತೊಡಗಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತಿತ್ತು. ಕಡ್ಡಿ ತೆಗೆದು ನೋಡಿದರೆ ಆಯಿಲ್ ತುಂಬಿ ತುಳುಕುತ್ತಿದೆ. ಹಾಗಾದರೆ ಸೆನ್ಸರ್ ಕೆಟ್ಟಿದೆ ಅಂತ ನಾನೇ ತೀರ್ಮಾನ ಮಾಡಿದೆ. ಅದೇ ತೀರ್ಮಾನದ ಮೇಲೆ ಮೂರು ವಾರ ಓಡಿಸಿದೆ.

ಕೊನೆಗೆ ಎಂಜಿನ್ ಅಡಿಯಿಂದ ಟಕ್ ಟಕ್ ಸದ್ದು ಬಂದ ಮೇಲೆ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. ಕಡ್ಡಿ ಎಳೆದರು, ಮೂಗಿನ ಹತ್ತಿರ ಹಿಡಿದರು, ನನ್ನ ಮುಖ ನೋಡಿದರು. ಆಮೇಲೆ ಒಂದು ತಗಡಿನ ತುಂಡನ್ನು ಗೋಡೆಗೆ ಒರಗಿಸಿ, ಅದರ ಮೇಲಂಚಿನಲ್ಲಿ ಹೊಸ ಆಯಿಲ್ ಒಂದು ಹನಿ, ಪಕ್ಕದಲ್ಲಿ ನನ್ನ ಗಾಡಿಯದೊಂದು ಹನಿ ಹಾಕಿದರು. ಹೊಸದು ನಿಧಾನವಾಗಿ ಜಾರಿತು. ನನ್ನದು ಓಡಿತು. ಹೊಸ ಹನಿ ಅರ್ಧ ದಾರಿಯಲ್ಲಿರುವಾಗಲೇ ನನ್ನದು ಕೆಳಗಿನ ಅಂಚಿಗೆ ಬಂದು ತೊಟ್ಟಿಕ್ಕಿತು.

ಅದು ಆಯಿಲ್ ಅಲ್ಲ, ಅರ್ಧ ಡೀಸೆಲ್ ಅಂದರು. ಅರ್ಧ ಅನ್ನುವುದು ಬೈಗುಳದ ಲೆಕ್ಕ. ನಿಜವಾಗಿ ಅಷ್ಟಿರಲಿಕ್ಕಿಲ್ಲ. ಆದರೆ ನಾನು ಹೆಮ್ಮೆ ಪಟ್ಟಿದ್ದೇ ರೋಗದ ಲಕ್ಷಣವಾಗಿತ್ತು. ಆಯಿಲ್ ಕಡಿಮೆಯಾಗದೆ ಇದ್ದದ್ದಲ್ಲ, ಒಳಗೆ ಡೀಸೆಲ್ ಸೇರಿ ಮಟ್ಟ ಏರುತ್ತಿತ್ತು. ಕಡ್ಡಿ ಅದನ್ನು ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು. ಎರಡು ಗುರುತಿನ ಮಧ್ಯೆ ಇದೆಯಾ ಇಲ್ಲವಾ ಅನ್ನುವುದನ್ನಷ್ಟೇ ನಾನು ನೋಡುತ್ತಿದ್ದೆ. ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿತು ಅಂತ ಒಂದು ದಿನವೂ ನೋಡಿರಲಿಲ್ಲ. ಬೇರಿಂಗ್‌ಗಳೆಲ್ಲ ಹೊಸದು ಹಾಕಿಸಬೇಕಾಯಿತು.

ಆಯಿಲ್ ತೆಳ್ಳಗಾದರೆ ಬೇರಿಂಗ್ ಯಾಕೆ ಹೋಗಬೇಕು? ಇಲ್ಲಿ ಒಂದು ಹಳೇ ಕಥೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. 1880ರ ದಶಕದ ಆರಂಭ. ಇಂಗ್ಲೆಂಡಿನಲ್ಲಿ ಬೋಷಾಂಪ್ ಟವರ್ ಎಂಬ ಎಂಜಿನಿಯರ್ ರೈಲು ಗಾಲಿಯ ಬೇರಿಂಗ್ ಥರದ್ದೊಂದನ್ನು ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದ. ತಿರುಗುವ ದಂಡದ ಕೆಳಭಾಗ ಎಣ್ಣೆಯಲ್ಲಿ ಮುಳುಗಿದೆ, ಮೇಲೆ ಭಾರ ಹೊತ್ತ ಬೇರಿಂಗ್ ಕೂತಿದೆ. ಮೇಲಿನಿಂದ ಎಣ್ಣೆ ಬಿಡೋಣ ಅಂತ ಬೇರಿಂಗ್‌ನ ನೆತ್ತಿಗೆ ಒಂದು ತೂತು ಕೊರೆಸಿದ. ದಂಡ ತಿರುಗಿಸಿದರೆ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಉಕ್ಕಿ ಮೇಲೆ ಬಂತು. ಬಿರಡೆ ಹಾಕಿ ಮುಚ್ಚಿದರು. ಬಿರಡೆಯನ್ನೂ ತಳ್ಳಿಕೊಂಡು ಬಂತು. ಕೊನೆಗೆ ಆ ತೂತಿಗೆ ಪ್ರೆಷರ್ ಗೇಜ್ ಕೂರಿಸಿದರೆ, ಮೇಲಿನ ಭಾರವನ್ನು ಜಾಗಕ್ಕೆ ಹಂಚಿ ಲೆಕ್ಕ ಹಾಕಿದರೆ ಬರುವ ಒತ್ತಡಕ್ಕಿಂತ ಎಷ್ಟೋ ಜಾಸ್ತಿ ತೋರಿಸಿತು. ಅಲ್ಲಿ ಪಂಪೇ ಇರಲಿಲ್ಲ, ನೆನಪಿರಲಿ. ತಿರುಗುವ ದಂಡವೇ ಎಣ್ಣೆಯನ್ನು ಇಕ್ಕಟ್ಟಿನ ಜಾಗಕ್ಕೆ ಎಳೆದುಕೊಂಡು ಹೋಗಿ, ಆ ಎಣ್ಣೆಯ ಪದರದ ಮೇಲೆ ಭಾರವನ್ನು ಎತ್ತಿ ಹಿಡಿದಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದ. ಬೇರಿಂಗ್ ವಿನ್ಯಾಸ ಮಾಡುವವರು ಇವತ್ತಿಗೂ ಆ ಸಮೀಕರಣದಿಂದಲೇ ಶುರು ಮಾಡುತ್ತಾರೆ.

ನಿಮ್ಮ ಪಿಕಪ್‌ನ ಕ್ರ್ಯಾಂಕ್, ಅಂದರೆ ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ ಕೂಡ ಹಾಗೇ ತೇಲುತ್ತದೆ. ಪಂಪಿನ ಕೆಲಸ ಎಣ್ಣೆ ತಂದುಕೊಡುವುದು. ಎತ್ತಿ ಹಿಡಿಯುವುದು ಎಣ್ಣೆಯ ಪದರ. ಅದರ ದಪ್ಪ ಕೆಲವೇ ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು. ತಲೆಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ ಅಂದರೆ ಅಂದಾಜು ಮಾಡಿ. ಆಯಿಲ್‌ಗೆ ಡೀಸೆಲ್ ಸೇರಿ ತೆಳ್ಳಗಾದರೆ ಆ ಪದರವೂ ತೆಳ್ಳಗಾಗುತ್ತದೆ. ಲೋಡು ಹಾಕಿಕೊಂಡು ಕಡಿಮೆ ಆರ್‌ಪಿಎಂನಲ್ಲಿ ಏರು ಹತ್ತುವಾಗ ಪದರ ಹರಿದು, ಲೋಹಕ್ಕೆ ಲೋಹ ತಾಗುತ್ತದೆ. ನನಗೆ ಕೇಳಿಸಿದ ಟಕ್ ಟಕ್ ಅದೇ.

ಈಗ ಕಡ್ಡಿಗೆ ಬರೋಣ. ಇದು ನನ್ನ ಗಾಡಿಯದೇ, ಕೈಯಿಂದ ಕೈಗೆ ದಾಟಿಸಿ ನೋಡಿ. ತುದಿಯಲ್ಲಿ ಎರಡು ಗುರುತು. ಕೆಲವದರಲ್ಲಿ ಎರಡು ತೂತು ಇರುತ್ತವೆ, ಕೆಲವದರಲ್ಲಿ ಮಧ್ಯೆ ಅಡ್ಡಗೀರು ಹಾಕಿರುತ್ತಾರೆ. ಕೆಳಗಿನದು ಕನಿಷ್ಠ, ಮೇಲಿನದು ಗರಿಷ್ಠ. ಬಹಳಷ್ಟು ಎಂಜಿನ್‌ಗಳಲ್ಲಿ ಈ ಎರಡರ ನಡುವೆ ಸುಮಾರು ಒಂದು ಲೀಟರ್. ನಿಮ್ಮದರಲ್ಲಿ ಎಷ್ಟು ಅಂತ ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ.

ನೋಡುವ ಕ್ರಮ ನಿಮಗೆಲ್ಲ ಗೊತ್ತು. ಎಂಜಿನ್ ಬಿಸಿಯಾದ ಮೇಲೆ ಬಂದ್ ಮಾಡಿ ಐದು ಹತ್ತು ನಿಮಿಷ ಬಿಡಬೇಕು. ಮೇಲೆ ಹೋದ ಆಯಿಲ್ ಕೆಳಗೆ ಚೇಂಬರ್‌ಗೆ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ ಇಳಿಯಬೇಕಲ್ಲ. ಕೆಲವು ಎಂಜಿನ್‌ಗಳಿಗೆ ತಣ್ಣಗಿರುವಾಗಲೇ ನೋಡಿ ಅಂತ ಬರೆದಿರುತ್ತಾರೆ, ಅದಕ್ಕೂ ಕೈಪಿಡಿಯೇ ಪ್ರಮಾಣ. ಮೊದಲ ಸಲ ಎಳೆದಾಗ ಕಂಡದ್ದನ್ನು ನಂಬಬೇಡಿ. ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಕಡ್ಡಿಗೂ ಮೆತ್ತಿರುತ್ತದೆ. ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಎಳೆದ ಮೇಲೆ ಕಡ್ಡಿಯನ್ನು ಅಡ್ಡಲಾಗಿ ಹಿಡಿಯಿರಿ. ತುದಿ ಮೇಲೆ ಮಾಡಿದರೆ ಆಯಿಲ್ ಹಿಡಿಕೆ ಕಡೆಗೆ ಹರಿದು ಸುಳ್ಳು ಹೇಳುತ್ತದೆ. ಎರಡೂ ಬದಿ ನೋಡಿ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಕಂಡರೆ ಕಡಿಮೆ ಇರುವುದನ್ನೇ ಹಿಡಿಯಿರಿ.

ಪಿಕಪ್‌ನವರು ತಪ್ಪುವುದು ಬೇರೆ ಕಡೆ. ಗಾಡಿ ಸಮತಟ್ಟಿನಲ್ಲಿದ್ದರೆ ಎಂಜಿನ್ನೂ ಸಮತಟ್ಟಿನಲ್ಲಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಿಂದೆ ಲೋಡು ಬಿದ್ದಾಗ ಕಮಾನು ಪಟ್ಟಿ ಕೂತು, ಮೂತಿ ಮೇಲೇಳುತ್ತದೆ. ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡಿರುತ್ತದೆ. ಚೇಂಬರ್‌ನಲ್ಲಿರುವ ಆಯಿಲ್ ಅದಕ್ಕೆ ತಕ್ಕಂತೆ ವಾಲುತ್ತದೆ. ಕಡ್ಡಿ ಚೇಂಬರ್‌ನ ಒಂದು ತುದಿಯಲ್ಲಿ ಇಳಿಯುವ ಹಾಗಿದ್ದರೆ, ಅಷ್ಟೇ ಆಯಿಲ್‌ಗೆ ಬೆಳಿಗ್ಗೆ ಒಂದು ಗುರುತು, ಸಂಜೆ ಇನ್ನೊಂದು ಗುರುತು ತೋರಿಸುತ್ತದೆ. ಅದಕ್ಕೇ ನನ್ನ ಪದ್ಧತಿ ಇಷ್ಟು: ಒಂದೇ ಜಾಗ, ಗಾಡಿ ಖಾಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ. ಬಿಸಿಯಲ್ಲಿ ನೋಡಿದ್ದಕ್ಕೂ ಇದಕ್ಕೂ ಸಣ್ಣ ವ್ಯತ್ಯಾಸ ಬರುತ್ತದೆ. ಬರಲಿ. ದಿನಾ ಒಂದೇ ಥರ ನೋಡಿದರೆ ಹೋಲಿಸಬಹುದು, ನನಗೆ ಬೇಕಾದ್ದು ಅದು. ಆಯಿಲ್ ಹಾಕಿ ಗುರುತಿಗೆ ತರುವಾಗ ಮಾತ್ರ ಕೈಪಿಡಿ ಹೇಳಿದ ಹಾಗೆ ನೋಡುತ್ತೇನೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇದೆ. ತಾರೀಕು, ಕಿಲೋಮೀಟರ್, ಕಡ್ಡಿಯ ಒಂದು ಗೀಟು. ಬರೆಯಲು ಅರ್ಧ ನಿಮಿಷವೂ ಬೇಡ.

ಇಲ್ಲೊಬ್ಬರು ಕೇಳಿದರು: "ಲೈಟ್ ಇದೆಯಲ್ಲ ಸಾರ್, ಅದು ಬಂದಾಗ ಹಾಕಿದರೆ ಸಾಲದಾ?"

ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ. ಆ ಕೆಂಪು ಲೈಟ್ ಆಯಿಲ್ ಮಟ್ಟದ್ದಲ್ಲ, ಆಯಿಲ್ ಪ್ರೆಷರ್‌ನದು. ಮಟ್ಟ ಕನಿಷ್ಠ ಗುರುತು ದಾಟಿ ಕೆಳಗೆ ಹೋದರೂ, ಪಂಪಿನ ಬಾಯಿ ಮುಳುಗಿರುವ ತನಕ ಪ್ರೆಷರ್ ಬರುತ್ತಲೇ ಇರುತ್ತದೆ, ಲೈಟ್ ಸುಮ್ನೆ ಇರುತ್ತದೆ. ಆಮೇಲೆ ಒಂದು ದಿನ ಗಟ್ಟಿ ಬ್ರೇಕ್ ಹಾಕಿದಾಗಲೋ ತಿರುವಿನಲ್ಲೋ ಆಯಿಲ್ ಒಂದು ಕಡೆ ಸರಿದು, ಪಂಪು ಗಾಳಿ ಎಳೆದು, ಲೈಟ್ ಹತ್ತುತ್ತದೆ. ಆ ಹೊತ್ತಿಗೆ ಬೇರಿಂಗ್‌ಗೆ ಎಣ್ಣೆ ತಪ್ಪಿದ್ದಾಗಿದೆ. ಕೆಲವು ಗಾಡಿಗಳಲ್ಲಿ ಮಟ್ಟಕ್ಕೂ ಬೇರೆ ಸೆನ್ಸರ್ ಇರುತ್ತದೆ. ಅದು ಸಾಮಾನ್ಯವಾಗಿ ಹಳದಿ. ಹಳದಿ ಬಂದರೆ ಮುಂದಿನ ಬಂಕ್ ತನಕ ಹೋಗಿ ನೋಡಬಹುದು. ಕೆಂಪು ಬಂದರೆ ಮುಂದಿನ ತಿರುವಿನ ತನಕವೂ ಬೇಡ. ಪಕ್ಕಕ್ಕೆ ಹಾಕಿ, ಎಂಜಿನ್ ಬಂದ್ ಮಾಡಿ, ಆಮೇಲೆ ಯೋಚನೆ ಮಾಡಿ. ಮಟ್ಟ ಸರಿ ಇದ್ದೂ ಕೆಂಪು ಲೈಟ್ ಬಂದರೆ ಸೆನ್ಸರ್ ಅಂತ ನೀವೇ ತೀರ್ಪು ಕೊಡಬೇಡಿ. ಆ ತೀರ್ಪು ಕೊಟ್ಟವನ ಕಥೆ ಆಗಲೇ ಕೇಳಿದ್ದೀರಿ.

ಮಟ್ಟ ಇಳಿಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ವಲ್ಪ ಇಳಿಯುವುದು ಸಹಜ. ಕೆಲವು ಕಂಪನಿಗಳು 1000 ಕಿಲೋಮೀಟರ್‌ಗೆ ಒಂದು ಲೀಟರ್ ತನಕ ಹೋದರೂ ತೊಂದರೆ ಇಲ್ಲ ಅಂತ ಕೈಪಿಡಿಯಲ್ಲೇ ಬರೆದಿವೆ. ನನ್ನ ಪ್ರಕಾರ ಅದು ಕಂಪನಿ ತನ್ನ ಬೆನ್ನು ಕಾಯ್ದುಕೊಳ್ಳುವ ಮಾತು. ನಿಮ್ಮ ಗಾಡಿ 5000 ಕಿಲೋಮೀಟರ್‌ಗೆ ಕಾಲು ಲೀಟರ್ ಕುಡಿಯುತ್ತಿದ್ದದ್ದು ಈಗ ಒಂದು ಲೀಟರ್ ಕುಡಿದರೆ, ಕೈಪಿಡಿಯ ಲೆಕ್ಕದಲ್ಲಿ ಎಲ್ಲ ಸರಿ ಇದೆ, ನಿಮ್ಮ ಗಾಡಿಯ ಲೆಕ್ಕದಲ್ಲಿ ಏನೋ ಆಗಿದೆ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ರಟ್ಟು ಹಾಕಿಡಿ. ಬೆಳಿಗ್ಗೆ ಹನಿ ಬಿದ್ದಿದ್ದರೆ ಸೀಲೋ ಪ್ಯಾಕಿಂಗೋ ಸೋರುತ್ತಿದೆ. ರಟ್ಟು ಒಣಗಿದ್ದು, ಹೊಗೆ ನೀಲಿ ಛಾಯೆಗೆ ತಿರುಗಿದ್ದರೆ ಆಯಿಲ್ ಒಳಗೇ ಉರಿಯುತ್ತಿದೆ. ಪಿಸ್ಟನ್ ರಿಂಗು, ವಾಲ್ವ್ ಸೀಲು, ಇಲ್ಲವೇ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಸೀಲು ನೋಡಿಸಬೇಕು.

ಏರುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದಕ್ಕೇ ನಾನು ಮಾತಾಡುತ್ತೇನೆ. ಆಯಿಲ್ ತಾನಾಗಿ ಹುಟ್ಟುವುದಿಲ್ಲ. ಮಟ್ಟ ಏರಿದೆ ಅಂದರೆ ಏನೋ ಒಳಗೆ ಬಂದಿದೆ. ಬರಬಹುದಾದದ್ದು ಎರಡೇ, ಇಂಧನ ಇಲ್ಲವೇ ಕೂಲಂಟ್.

ಈಗಿನ ಡೀಸೆಲ್ ಪಿಕಪ್‌ಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್. ಮಸಿ ತುಂಬಿದಾಗ ಅದನ್ನು ಸುಟ್ಟು ಖಾಲಿ ಮಾಡಬೇಕು. ಅದಕ್ಕೆ ಬೇಕಾದ ಬಿಸಿಗಾಗಿ ಬಹಳಷ್ಟು ಎಂಜಿನ್‌ಗಳು ಸಿಲಿಂಡರ್‌ನಲ್ಲಿ ಉರಿ ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ, ರಿಂಗು ದಾಟಿ ಕೆಳಗೆ ಆಯಿಲ್‌ಗೆ ಇಳಿಯುತ್ತದೆ. ದೂರ ಓಡುವ ಗಾಡಿಯಲ್ಲಿ ಸುಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ನನ್ನ ಹಾಗೆ ನಾಲ್ಕು ಕಿಲೋಮೀಟರ್‌ಗೆ ಬಂದ್ ಮಾಡುವವನ ಗಾಡಿಯಲ್ಲಿ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಲ್ಲುತ್ತದೆ. ಪ್ರತಿ ಸಲವೂ ಸ್ವಲ್ಪ ಡೀಸೆಲ್ ಕೆಳಗೆ. ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲೂ ಚಳಿಯಲ್ಲಿ ಸಣ್ಣ ಸಣ್ಣ ಓಡಾಟ ಮಾಡಿದರೆ ಇಂಥದ್ದೇ ಆಗುತ್ತದೆ. ಇಂಧನ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದ್ದರಂತೂ ಯಾವ ಗಾಡಿಯಾದರೂ ಸರಿ. ಮೂಸಿ ನೋಡಿದರೆ ತಿಳಿಯುತ್ತದೆ. ಅಂಥ ಆಯಿಲ್ ಬದಲಿಸಲೇಬೇಕು. ಕಾರಣ ಹುಡುಕದೆ ಬರೀ ಬದಲಿಸಿದರೆ ಎರಡು ತಿಂಗಳಿಗೆ ಮತ್ತೆ ಅಲ್ಲಿಗೇ ಬರುತ್ತೀರಿ.

ಕೂಲಂಟ್ ಸೇರಿದರೆ ಕಡ್ಡಿಯ ಮೇಲೆ ಹಾಲು ಹಾಕಿದ ಕಾಫಿ ಬಣ್ಣ ಕಾಣುತ್ತದೆ. ಅದು ಕಂಡರೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ. ಒಂದು ಸಮಾಧಾನದ ಮಾತೂ ಹೇಳುತ್ತೇನೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಥರ ಕಂಡು, ಕಡ್ಡಿ ಚೊಕ್ಕವಾಗಿದ್ದು, ಕೂಲಂಟ್ ಮಟ್ಟವೂ ಇಳಿಯದೆ ಇದ್ದರೆ, ಅದು ಹೆಚ್ಚಾಗಿ ಒಳಗಿನ ತೇವ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡದಿದ್ದಾಗ ಹಾಗಾಗುತ್ತದೆ. ಒಂದು ದಿನ ದೂರ ಓಡಿಸಿ ನೋಡಿ, ಮಾಯವಾಗುತ್ತದೆ.

ನಾವೇ ಜಾಸ್ತಿ ಸುರಿಯುವುದೂ ಉಂಟು. ಇರಲಿ ಅಂತ ಅರ್ಧ ಲೀಟರ್ ಹೆಚ್ಚಿಗೆ. ಕ್ರ್ಯಾಂಕ್ ತಿರುಗುತ್ತಾ ಆ ಆಯಿಲ್ ಅನ್ನು ಬಡಿದು ನೊರೆ ಮಾಡುತ್ತದೆ. ನೊರೆಯಲ್ಲಿ ಗಾಳಿ ಇದೆ, ಗಾಳಿ ಭಾರ ಹೊರುವುದಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಇನ್ನೂ ಒಂದು ಅಪಾಯವಿದೆ. ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪಿನಿಂದ ಆಯಿಲ್ ಗಾಳಿಯ ಜೊತೆ ಸಿಲಿಂಡರ್‌ಗೆ ಹೋದರೆ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ನಾನು ಒಮ್ಮೆ ದೂರದಿಂದ ನೋಡಿದ್ದೇನೆ. ಆ ಕಿರುಚಾಟ, ಆ ಹೊಗೆ ಮರೆಯುವ ಹಾಗಿಲ್ಲ. ಟಾಪ್ ಅಪ್ ಮಾಡುವಾಗ ಆಲಿಕೆ ಇಟ್ಟು ಕಾಲು ಕಾಲು ಲೀಟರ್ ಹಾಕಿ, ಕಾದು, ನೋಡಿ, ಮತ್ತೆ ಹಾಕಿ.

"ಆಯಿಲ್ ಕಪ್ಪಗಾಗಿದೆ, ಬದಲಿಸಬೇಕಾ?" ಹಿಂದಿನ ಸಾಲಿನಿಂದ ಬಂದ ಪ್ರಶ್ನೆ.

ಡೀಸೆಲ್ ಆದರೆ ಹೊಸ ಆಯಿಲ್ ಹಾಕಿ ಕೆಲವೇ ದಿನಕ್ಕೆ ಕಪ್ಪಗಾಗುತ್ತದೆ. ಆಗಲೇಬೇಕು. ಉರಿದ ಮಸಿಯನ್ನು ಒಂದಕ್ಕೊಂದು ಅಂಟದಂತೆ ಹಿಡಿದು ತೇಲಿಸುವ ರಾಸಾಯನಿಕ ಆಯಿಲ್‌ನಲ್ಲಿದೆ. ಕಪ್ಪು ಅಂದರೆ ಅದು ಕೆಲಸ ಮಾಡುತ್ತಿದೆ ಅಂತ. ಆ ಹಿಡಿಯುವ ಶಕ್ತಿ ಇನ್ನೂ ಉಳಿದಿದೆಯಾ ಅನ್ನುವುದನ್ನು ಬಣ್ಣ ಹೇಳುವುದಿಲ್ಲ. ಅದಕ್ಕೇ ಆ ಎರಡು ಕಾಗದ ಇಟ್ಟಿದ್ದು. ಆಯಿಲ್ ಸೋತುಹೋಗುವುದು ಎಣ್ಣೆ ಸವೆದು ಅಂತಲ್ಲ. ಅದರಲ್ಲಿ ಬೆರೆಸಿದ ಸೇರ್ಪಡೆಗಳು ಮುಗಿಯುತ್ತವೆ. ಆಮ್ಲ ಕೊಲ್ಲುವುದು, ಮಸಿ ಹಿಡಿಯುವುದು, ಸವೆತ ತಡೆಯುವುದು, ಎಲ್ಲಕ್ಕೂ ಒಂದೊಂದು ಇರುತ್ತದೆ. ಗಾಡಿ ಓಡದೆ ನಿಂತರೂ ತೇವ, ಆಮ್ಲ ಬಿಡುವುದಿಲ್ಲ. ಆದ್ದರಿಂದಲೇ ಕೈಪಿಡಿಯಲ್ಲಿ ಕಿಲೋಮೀಟರ್ ಜೊತೆ ತಿಂಗಳನ್ನೂ ಬರೆದಿರುತ್ತಾರೆ. ಯಾವುದು ಮೊದಲು ಬರುತ್ತದೋ ಅದು.

ಎಷ್ಟಕ್ಕೆ ಬದಲಿಸಬೇಕು ಅಂತ ನಾನು ಸಂಖ್ಯೆ ಹೇಳುವುದಿಲ್ಲ. ಕೈಪಿಡಿಯಲ್ಲಿ ಎರಡು ಪಟ್ಟಿ ಇರುತ್ತದೆ. ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಎರಡನೆಯದರಲ್ಲಿ ಬರೆದಿರುವುದನ್ನು ಓದಿ: ಭಾರ ಹೊರುವುದು, ಟ್ರೇಲರ್ ಎಳೆಯುವುದು, ಧೂಳಿನ ರಸ್ತೆ, ಸಣ್ಣ ಓಡಾಟ, ಗಂಟೆಗಟ್ಟಲೆ ಐಡಲ್. ಇದು ಪಿಕಪ್‌ನ ದಿನಚರಿಯೇ ಅಲ್ವಾ? ಪಿಕಪ್‌ಗೆ ಕಠಿಣ ಬಳಕೆಯೇ ಸಾಮಾನ್ಯ ಬಳಕೆ. ಕೆಲವು ಕೈಪಿಡಿಗಳಲ್ಲಿ ಅವಧಿ ಅರ್ಧಕ್ಕೇ ಇಳಿದಿರುತ್ತದೆ. ಐಡಲ್ ಅಂತೂ ಮೀಟರ್‌ನಲ್ಲಿ ಕಾಣದ ಓಟ. ಒಂದು ಗಂಟೆ ಐಡಲ್ ಅಂದರೆ ಸುಮಾರು 40 ಕಿಲೋಮೀಟರ್ ಓಡಿದ್ದಕ್ಕೆ ಸಮ ಅಂತ ಲೆಕ್ಕ ಹಿಡಿಯುವ ಕಂಪನಿಯೂ ಇದೆ. ಧೂಳಿಗೆ ಮದ್ದು ಆಯಿಲ್‌ನಲ್ಲಿಲ್ಲ, ಏರ್ ಫಿಲ್ಟರ್‌ನಲ್ಲಿದೆ. ಫಿಲ್ಟರ್‌ನ ಅಂಚಿನಲ್ಲಿ ಒಂದು ಎಳೆ ಸಂದಿ ಇದ್ದರೆ ಸಾಕು, ಮರಳಿನ ಪುಡಿ ಸಿಲಿಂಡರ್ ಮೂಲಕ ಆಯಿಲ್‌ಗೆ ಬಂದು ರಿಂಗನ್ನು ಉಜ್ಜುತ್ತದೆ. ಪ್ರಯೋಗಾಲಯಕ್ಕೆ ಆಯಿಲ್ ಕಳಿಸಿದರೆ ಮರಳಿನಲ್ಲಿರುವ ಸಿಲಿಕಾನ್ ಜಾಸ್ತಿ ಇದೆ ಅಂತ ವರದಿ ಬರುವುದು ಹೆಚ್ಚಾಗಿ ಇದರಿಂದಲೇ.

ಇನ್ನು ಯಾವ ಆಯಿಲ್? ಡಬ್ಬಿಯ ಮೇಲಿನ ಅಂಕಿಗಳನ್ನು ನೋಡಿ ಹೆದರಬೇಡಿ. 15ಡಬ್ಲ್ಯೂ-40 ಅಂತಿದೆ ಅನ್ನಿ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆ ಇದ್ದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. 15ಡಬ್ಲ್ಯೂ ಅನ್ನು ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯೂ ಅನ್ನು ಮೈನಸ್ 30ರಲ್ಲಿ. ಕೊನೆಯ 40 ಎಂಜಿನ್ ಬಿಸಿಯಾದಾಗಿನ ಮಂದಕ್ಕೆ. ಮಂದವನ್ನು ಅಳೆಯುವ ಮಾನ ಸೆಂಟಿಸ್ಟೋಕ್. 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ಒಳಗೆ ಇದ್ದರೆ ಅದು 40. 9.3ರಿಂದ 12.5ರ ಒಳಗಿದ್ದರೆ 30. ಮಜಾ ಏನೆಂದರೆ ಅದೇ 15ಡಬ್ಲ್ಯೂ-40 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 100 ಸೆಂಟಿಸ್ಟೋಕ್ ಇರುತ್ತದೆ. ಬಿಸಿಯಾಗುತ್ತಾ ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಂಜಿನ್ ತಣ್ಣಗಿರುವಾಗ ರೇಸ್ ಮಾಡಬೇಡಿ ಅನ್ನುವುದು ಇದಕ್ಕೇ. ಮಂದ ಆಯಿಲ್ ಮೇಲಿನ ತನಕ ತಲುಪಲು ಹೊತ್ತು ಹಿಡಿಯುತ್ತದೆ.

ಅಂಕಿ ಹೊಂದಿದರೆ ಸಾಲದು, ದರ್ಜೆಯೂ ಹೊಂದಬೇಕು. ಎಪಿಐ ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಅದರ ಗುರುತಿನಲ್ಲಿ ಎಸ್‌ನಿಂದ ಶುರುವಾಗುವುದು ಪೆಟ್ರೋಲ್‌ಗೆ, ಸಿ‌ಯಿಂದ ಶುರುವಾಗುವುದು ಡೀಸೆಲ್‌ಗೆ. 2016ರ ಕೊನೆಗೆ ಬಂದ ಸಿಕೆ-4 ಅಂಥದ್ದೊಂದು ಡೀಸೆಲ್ ದರ್ಜೆ. ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿಯ ಆಯಿಲ್ಲೇ ಹಾಕಬೇಕು. ಮಸಿಯನ್ನು ಸುಡಬಹುದು, ಆಯಿಲ್ ಉರಿದು ಉಳಿಯುವ ಬೂದಿಯನ್ನು ಸುಡಲು ಆಗುವುದಿಲ್ಲ. ಅದು ಫಿಲ್ಟರ್‌ನಲ್ಲೇ ಕೂರುತ್ತದೆ. ಹಳೇ ಗಾಡಿ, ದಪ್ಪ ಆಯಿಲ್ ಹಾಕಿದರೆ ಸದ್ದು ಕಡಿಮೆ ಅಂತ ಸಲಹೆ ಕೊಡುವವರು ಎಲ್ಲೆಲ್ಲೂ ಇದ್ದಾರೆ. ಸದ್ದು ಕಡಿಮೆಯಾಗಬಹುದು. ಆದರೆ ಕೈಪಿಡಿ ಅನುಮತಿ ಕೊಟ್ಟ ಅಂಕಿ ದಾಟಿ ಹೋಗಬೇಡಿ.

"ಬೇರೆ ಕಂಪನಿ ಆಯಿಲ್ ಬೆರೆಸಬಹುದಾ?" ದಾರಿಯಲ್ಲಿ ಮಟ್ಟ ಇಳಿದಿದೆ, ಅದೇ ಅಂಕಿ ಅದೇ ದರ್ಜೆಯದು ಬೇರೆ ಹೆಸರಿನಲ್ಲಿ ಸಿಕ್ಕಿತು, ಧಾರಾಳವಾಗಿ ಹಾಕಿ. ಕಡಿಮೆ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ಬೆರೆಸಿದ ಆಯಿಲ್ ಸಾವಿರ ಪಾಲು ಮೇಲು.

ನೀವೇ ಬದಲಿಸುವವರಿಗೆ ಎರಡು ಮಾತು. ಒಂದು, ಡಬ್ಬಿಯಂಥ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗು ಅದರ ಜೊತೆಗೇ ಬಂತಾ ಅಂತ ನೋಡಿ. ನನ್ನ ಗಾಡಿಯನ್ನು ಒಮ್ಮೆ ಒಂದು ವರ್ಕ್‌ಶಾಪಿಗೆ ಬಿಟ್ಟಿದ್ದೆ. ಹಳೇ ರಿಂಗು ಎಂಜಿನ್‌ಗೇ ಅಂಟಿಕೊಂಡಿತ್ತು, ಅದರ ಮೇಲೆ ಹೊಸ ಫಿಲ್ಟರ್ ತಿರುಗಿಸಿ ಕಳಿಸಿದ್ದರು. ಐಡಲ್‌ನಲ್ಲಿ ಏನೂ ಆಗಲಿಲ್ಲ. ರಸ್ತೆಗೆ ಬಂದು ಪ್ರೆಷರ್ ಏರಿದ ತಕ್ಷಣ ಎರಡು ರಿಂಗಿನ ಮಧ್ಯದಿಂದ ಆಯಿಲ್ ಚಿಮ್ಮಿ, ಹಿಂದೆ ಕಪ್ಪು ಗೆರೆ ಎಳೆದುಕೊಂಡು ಹೋಗಿದ್ದೇನೆ. ಅವತ್ತು ಕನ್ನಡಿಯಲ್ಲಿ ಆ ಗೆರೆ ಕಂಡದ್ದರಿಂದ ಎಂಜಿನ್ ಉಳಿಯಿತು. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಿಂಗು ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೇ ಬರೆದಿರುತ್ತದೆ.

ಎರಡು, ಡ್ರೈನ್ ಬೋಲ್ಟ್. ಚೇಂಬರ್ ಅಲ್ಯೂಮಿನಿಯಂ ಆಗಿದ್ದರೆ ಉದ್ದ ಸ್ಪ್ಯಾನರ್ ಹಿಡಿದು ಮೈಭಾರ ಹಾಕಬೇಡಿ, ಥ್ರೆಡ್ ಕಿತ್ತು ಬರುತ್ತದೆ. ಹೊಸ ವಾಷರ್ ಹಾಕಿದರೆ ಅಷ್ಟು ಬಿಗಿ ಬೇಕಾಗುವುದೂ ಇಲ್ಲ. ಜಾಕ್ ಒಂದನ್ನೇ ನಂಬಿ ಗಾಡಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಸುರಿಯುವಾಗ ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಓಡಿಸಿ, ಬಂದ್ ಮಾಡಿ, ಕಾದು, ಆಮೇಲೆ ಗುರುತಿಗೆ ತನ್ನಿ. ಗಾಡಿಯಿಂದ ಗಾಡಿಗೆ ಅಳತೆ ಬಹಳ ಬೇರೆ. 2.8 ಲೀಟರ್ ಡೀಸೆಲ್ ಹೈಲಕ್ಸ್‌ಗೆ ಫಿಲ್ಟರ್ ಸೇರಿ ಸುಮಾರು 7.5 ಲೀಟರ್ ಬೇಕು. ಕಮಿನ್ಸ್ 6.7 ಲೀಟರ್ ಎಂಜಿನ್ ಇರುವ ರ‍್ಯಾಮ್‌ಗೆ 11 ಲೀಟರ್‌ಗೂ ಜಾಸ್ತಿ. ಪಕ್ಕದವರ ಲೆಕ್ಕ ಕೇಳಿ ಸುರಿಯಬೇಡಿ.

ಟರ್ಬೊ ಬಗ್ಗೆ ಒಂದೇ ಮಾತು. ಅದರ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಇದೇ ಆಯಿಲ್ ಪದರದ ಮೇಲೆ. ಲೋಡು ಎಳೆದುಕೊಂಡು ಏರು ಹತ್ತಿ ಬಂದು ತಕ್ಷಣ ಕೀ ತಿರುಗಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ, ಕಾದ ಲೋಹದ ಮೇಲೆ ಉಳಿದ ಆಯಿಲ್ ಸೀದು ಕರಿಯಾಗುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಬಂದ್ ಮಾಡಿ.

ತೆಗೆದ ಆಯಿಲ್ ಏನು ಮಾಡುತ್ತೀರಿ ಅಂತ ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತೀರಿ. ಮರಕ್ಕೆ ಬಳಿಯುವುದು, ಧೂಳು ಏಳದಿರಲಿ ಅಂತ ನೆಲಕ್ಕೆ ಚೆಲ್ಲುವುದು, ಚರಂಡಿಗೆ ಬಿಡುವುದು, ಎಲ್ಲ ಗೊತ್ತು ನನಗೆ. ಒಂದು ಸಲ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಖಾಲಿ ಡಬ್ಬಿಗೇ ವಾಪಸ್ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ. ಶುದ್ಧ ಮಾಡಿ ಮತ್ತೆ ಆಯಿಲ್ಲೇ ಮಾಡಲು ಬರುತ್ತದೆ. ಕೈಗೆ ಗ್ಲೋವ್ಸ್ ಹಾಕಿಕೊಳ್ಳಿ. ಬಳಸಿದ ಎಂಜಿನ್ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ.

ಸರಿ, ಕಾಗದ ನೋಡೋಣ. ಪೂರ್ತಿ ಹರಡಲು ಇನ್ನೂ ಕೆಲವು ಗಂಟೆ ಬೇಕು, ಆದರೂ ಕಾಣುತ್ತಿದೆ. ಮುಂದೆ ಬನ್ನಿ, ಹತ್ತಿರದಿಂದ ನೋಡಿ. ಇದು ನನ್ನ ಗಾಡಿಯದು. ನಡುವೆ ಕಪ್ಪು, ಹೊರಗೆ ಹೋಗುತ್ತಾ ಬೂದು, ಅಂಚಿನ ತನಕ ಮೆಲ್ಲಗೆ ತಿಳಿಯಾಗಿದೆ. ಎಲ್ಲೂ ಗಡಿ ಇಲ್ಲ. ಆಯಿಲ್ ಇನ್ನೂ ಮಸಿಯನ್ನು ಹೊತ್ತುಕೊಂಡು ಓಡಾಡುತ್ತಿದೆ. ಆ ಬಾಟಲಿಯದು ನೋಡಿ. ನಡುವೆ ಶಾಯಿ ಬಿದ್ದಂಥ ಒಂದು ಗಟ್ಟಿ ಚುಕ್ಕೆ, ಅದರ ಸುತ್ತ ಗೆರೆ ಎಳೆದ ಹಾಗೆ ಅಂಚು, ಹೊರಗೆ ಬರೀ ಎಣ್ಣೆಯ ತಿಳಿ ಬಳೆ. ಮಸಿಯನ್ನು ಅಲ್ಲೇ ಇಳಿಸಿ ಎಣ್ಣೆ ಮಾತ್ರ ಮುಂದೆ ಹೋಗಿದೆ. ಎಂಜಿನ್ ಒಳಗೂ ಹೀಗೇ ಇಳಿಸುತ್ತಿರುತ್ತದೆ. ಈ ಬಾಟಲಿ ನನ್ನ ಸ್ನೇಹಿತನ ಗಾಡಿಯದು. ಅವನು ಇಲ್ಲೇ ಕೂತಿದ್ದಾನೆ, ಹೆಸರು ಹೇಳುವುದಿಲ್ಲ. ಈಗ ನಗುತ್ತಿರುವವರಲ್ಲಿ ಅವನಿಲ್ಲ, ಅಷ್ಟು ಹೇಳುತ್ತೇನೆ. ಇದು ಪ್ರಯೋಗಾಲಯದ ವರದಿಗೆ ಸಮ ಅಲ್ಲ. ಮನೆಯಲ್ಲಿ ಕೂತು ಅನುಮಾನ ಹುಟ್ಟಿಸಿಕೊಳ್ಳಲು ಸಾಕು.

"ನನ್ನ ಗಾಡಿಯದೂ ಒಂದು ಹನಿ ಹಾಕಿ ನೋಡಬಹುದಾ?"

ಹಾಕೋಣ, ಪೇಪರ್ ಬೇಕಾದಷ್ಟಿದೆ. ಬನ್ನಿ, ಕಡ್ಡಿಯನ್ನೂ ನೋಡಿಬಿಡೋಣ. ಗಾಡಿ ಎಲ್ಲಿ ನಿಲ್ಲಿಸಿದ್ದೀರಿ? ಇಳಿಜಾರಲ್ಲ ತಾನೆ?